ಮಾಸ್ಕೋದ ಚಕ್ರ, ಭೀಮನಕೋಣೆಯ ಬಣ್ಣ

ಹೆಗ್ಗೋಡಿನಲ್ಲಿ ನೀನಾಸಮ್ ರಂಗಮಂದಿರವೂ, ಹತ್ತಿರದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘದ ಕೈಮಗ್ಗಗಳೂ ಇವೆ. ನಾಟಕ ಮತ್ತು ನೇಯ್ಗೆ ಹೀಗೆ ನೆರೆಹೊರೆಯಲ್ಲಿರುವ ಈ ಸೀಮೆಯವರಿಗೆ, ರಂಗಸಜ್ಜಿಕೆ ಹಾಗೂ ಬಟ್ಟೆಯ ವಿನ್ಯಾಸ ಎರಡರಲ್ಲೂ ದುಡಿದ ರಷ್ಯಾದ ಕಲಾವಿದೆ ಲ್ಯೂಬೊವ್ ಪೋಪೊವಾ (1889–1924) ಪರಕೀಯರೆನಿಸಲಾರರು.

ಬಟ್ಟೆ ವ್ಯಾಪಾರದ ಸಿರಿವಂತ ಮನೆತನದ ಪೋಪೊವಾ 1912ರಲ್ಲಿ ಪ್ಯಾರಿಸ್‌ಗೆ ಹೋಗಿ ವಸ್ತುಗಳನ್ನು ಜ್ಯಾಮಿತಿಯ ಆಕಾರಗಳಾಗಿ ಒಡೆದು ಚಿತ್ರಿಸುವ ಕ್ಯೂಬಿಸಂ ಕಲಿತರು. ಆದರೆ 1921ರ ಹೊತ್ತಿಗೆ, ಗೋಡೆಗೆ ತೂಗುಹಾಕುವ ಚಿತ್ರದ ಕಾಲ ಮುಗಿಯಿತು, ಕಲಾವಿದರು ಇನ್ನು ಬಳಕೆಯ ವಸ್ತುಗಳನ್ನು ರೂಪಿಸಬೇಕು ಎಂಬ ನಿಲುವಿಗೆ ಬಂದಿದ್ದರು. ಮರುವರ್ಷದ ಏಪ್ರಿಲ್‌ನಲ್ಲಿ ರಂಗನಿರ್ದೇಶಕ ಮೆಯರ್‌ಹೋಲ್ಡ್ ಮಾಸ್ಕೋದಲ್ಲಿ ಆಡಿಸಿದ, ಹೆಂಡತಿಯನ್ನು ಶಂಕಿಸುವ ಗಂಡನೊಬ್ಬನ ಪ್ರಹಸನಕ್ಕೆ ಅವರು ಸಜ್ಜಿಕೆ ಕಟ್ಟಿದರು. ಕಥೆ ನಡೆಯುವುದು ಹಿಟ್ಟಿನ ಗಿರಣಿಯಲ್ಲಿ. ನಮ್ಮ ಕಂಪನಿ ನಾಟಕದವರಾಗಿದ್ದರೆ ಗಿರಣಿಯ ಪರದೆಯೊಂದನ್ನು ಬರೆಸಿ ಇಳಿಬಿಡುತ್ತಿದ್ದರು. ಪೋಪೊವಾ ಪರದೆಯನ್ನೇ ಕೈಬಿಟ್ಟು, ಹಿಂಬದಿಯ ಇಟ್ಟಿಗೆಯ ಗೋಡೆ ಕಾಣುವಂತೆ, ಏಣಿ, ಜಾರುಹಲಗೆ, ಸುತ್ತುವ ಬಾಗಿಲುಗಳುಳ್ಳ ಮರದ ಅಟ್ಟಣೆಯೊಂದನ್ನು ನಿಲ್ಲಿಸಿ, ಅದಕ್ಕೆ ಕೆಂಪು, ಕಪ್ಪು, ಬಿಳಿಯ ಮೂರು ಚಕ್ರಗಳನ್ನು ಜೋಡಿಸಿದರು. ಗಂಡನ ಮತ್ಸರ ಏರಿದಂತೆ ಚಕ್ರಗಳ ವೇಗವೂ ಏರುತ್ತಿತ್ತು. ಅಂದರೆ ಸಜ್ಜಿಕೆಯೇ ಒಂದು ಪಾತ್ರವಾಗಿತ್ತು. ಮರುವರ್ಷ ಇನ್ನೊಂದು ನಾಟಕಕ್ಕೆ ಅವರು ನಿಜವಾದ ವಾಹನಗಳನ್ನೇ ರಂಗಕ್ಕೆ ತಂದರು. ನನಗೇನೋ ಅದಕ್ಕಿಂತ ಆ ಮರದ ಚಕ್ರಗಳೇ ಯಂತ್ರವನ್ನು ಚೆನ್ನಾಗಿ ಅರಿತಂತೆ ತೋರುತ್ತದೆ.

ಅನಂತರ ಅವರು ಗೆಳತಿ ವರ್ವಾರಾ ಸ್ಟೆಪನೋವಾ ಜೊತೆ ಮಾಸ್ಕೋದ ಸರ್ಕಾರಿ ಬಟ್ಟೆ ಮುದ್ರಣ ಕಾರ್ಖಾನೆಗೆ ಸೇರಿ, ಹೂಬಳ್ಳಿಗಳ ಬದಲು ವೃತ್ತ, ಪಟ್ಟೆ, ತ್ರಿಕೋನಗಳ ವಿನ್ಯಾಸಗಳನ್ನು ರಚಿಸಿದರು. ಅವುಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇಬ್ಬರೂ ಆಡಳಿತಕ್ಕೆ ಕೊಟ್ಟ ಬೇಡಿಕೆಪತ್ರ. ಉತ್ಪಾದನೆಯ ನಿರ್ಧಾರಗಳಲ್ಲಿ ತಮಗೆ ಪಾಲಿರಬೇಕು, ಬಣ್ಣ ಸಿದ್ಧವಾಗುವ ಪ್ರಯೋಗಾಲಯಕ್ಕೆ ಪ್ರವೇಶವಿರಬೇಕು, ಬಟ್ಟೆ ಹೊಲಿಯುವವರೊಂದಿಗೆ ಸಂಪರ್ಕವಿರಬೇಕು ಎಂದು ಅವರು ಕೇಳಿದ್ದರು. ಕಾಗದದ ಮೇಲೆ ನಕ್ಷೆ ಬರೆದುಕೊಟ್ಟು ದೂರ ಉಳಿಯುವುದು ಅವರಿಗೆ ಬೇಕಿರಲಿಲ್ಲ. ಈ ಕೆಲಸ ಹೆಚ್ಚು ಕಾಲ ನಡೆಯಲಿಲ್ಲ. 1924ರ ಮೇ ತಿಂಗಳಲ್ಲಿ, ಮಗ ತೀರಿಕೊಂಡ ಕೆಲವೇ ದಿನಗಳಲ್ಲಿ, ಅದೇ ಸಾಂಕ್ರಾಮಿಕ ಜ್ವರಕ್ಕೆ ಪೋಪೊವಾ ಕೂಡ ಬಲಿಯಾದರು.

ಪೋಪೊವಾ ಚರಕದ ಕೈಮಗ್ಗವನ್ನು ಮೆಚ್ಚುತ್ತಿದ್ದರೆಂದು ಬರೆದರೆ ಅದು ಬರಿಯ ಊರಭಿಮಾನವಾದೀತು. ಒಂದೇ ವಿನ್ಯಾಸ ಸಾವಿರಾರು ಗಜ ಅಚ್ಚಾಗಿ ಸಾಮಾನ್ಯರ ಮೈಮೇಲೆ ಬರಬೇಕೆಂಬುದು ಅವರ ಆಸೆ. ಅದಕ್ಕೆ ಕಾರ್ಖಾನೆಯೇ ಬೇಕು. ಚರಕದಲ್ಲಾದರೋ ಕೈದುಡಿಮೆಯನ್ನು ಬೇಕೆಂದೇ ಆರಿಸಿಕೊಳ್ಳಲಾಗಿದೆ. ಆದರೂ ವಿನ್ಯಾಸ ಮಾಡುವವರು ಬಣ್ಣದ ಹಂಡೆಯ ಬಳಿ ಇರಬೇಕೆಂಬ ಅವರ ಬೇಡಿಕೆಯನ್ನು, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುವ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.