ಹಾಟ್ ಟಬ್‌ನ ನೀರು ತಿಳಿಯಾಗಿದ್ದರೆ ಸಾಲದು

ನಮ್ಮ ಮನೆಗೆ ಹಾಟ್ ಟಬ್, ಅಂದರೆ ಕುಳಿತು ಮೈ ನೆನೆಸುವ ಬಿಸಿನೀರಿನ ತೊಟ್ಟಿ, ಬಂದ ಮೊದಲ ವರ್ಷದಲ್ಲಿ, ಎರಡು ವಾರಗಳ ಪ್ರವಾಸ ಮುಗಿಸಿ ಹಿಂದಿರುಗಿದ ಸಂಜೆ ಮುಚ್ಚಳ ತೆಗೆದು ನೋಡಿದಾಗ ತಳದ ಸಣ್ಣ ಗೀರುಗಳೂ ಕಾಣುವಷ್ಟು ನೀರು ತಿಳಿಯಾಗಿತ್ತು. ಕೆಟ್ಟ ವಾಸನೆಯಾಗಲಿ ನೊರೆಯಾಗಲಿ ಇರಲಿಲ್ಲ. ಹೀಟರ್ ತನ್ನ ಪಾಡಿಗೆ ತಾನು 38 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡಿತ್ತು. ನೀರನ್ನು ಪರೀಕ್ಷಿಸದೆಯೇ ಇಳಿದು ಅರ್ಧ ಗಂಟೆ ಕುಳಿತೆ. ಎರಡು ದಿನಗಳ ನಂತರ ಈಜುಡುಪು ಮುಚ್ಚಿದ್ದ ಭಾಗದಲ್ಲಿ ಕೆಂಪು ಗುಳ್ಳೆಗಳೆದ್ದವು, ತುರಿಕೆ ವಾರವಿಡೀ ಕಾಡಿತು. ಗುಳ್ಳೆಗಳನ್ನು ನೋಡಿದೊಡನೆ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇತ್ತೀಚೆಗೆ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತಿದ್ದಿರಾ ಎಂಬುದು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಮದ ಬುಡಗಳನ್ನು ಹೊಕ್ಕು ಎಬ್ಬಿಸುವ ಈ ಗುಳ್ಳೆಗಳು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ತಾವಾಗಿಯೇ ಮಾಯುತ್ತವೆ. ನನಗೂ ಹಾಗೆಯೇ ಮಾಯಿದವು. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಅಳೆಯದೆ ನಂಬುವ ಅಭ್ಯಾಸ ಅಂದಿಗೆ ಮುಗಿಯಿತು.

ಈಜುಕೊಳದ ಅಭ್ಯಾಸವಿರುವವರು ಹಾಟ್ ಟಬ್ಬನ್ನು ಒಂದು ಪುಟ್ಟ ಈಜುಕೊಳವೆಂದು ಭಾವಿಸುವುದುಂಟು. ಈ ಭಾವನೆಯಲ್ಲಿಯೇ ತಪ್ಪು ಆರಂಭವಾಗುತ್ತದೆ. 1,200 ಲೀಟರ್ ನೀರಿರುವ ಟಬ್‌ನಲ್ಲಿ ನಾಲ್ವರು ಕುಳಿತರೆ ತಲೆಗೆ 300 ಲೀಟರ್ ನೀರು ಸಿಗುತ್ತದೆ. ಒಲಿಂಪಿಕ್ ಅಳತೆಯ, ಸುಮಾರು 25 ಲಕ್ಷ ಲೀಟರ್ ನೀರು ಹಿಡಿಯುವ ಕೊಳದಲ್ಲಿ ಅಷ್ಟೇ ದಟ್ಟಣೆಯಾಗಬೇಕಾದರೆ ಎಂಟು ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಇಳಿಯಬೇಕು. ಅದರ ಮೇಲೆ, ಬಿಸಿನೀರಿನಲ್ಲಿ ಮೈ ಬೆವರುತ್ತದೆ, ಚರ್ಮಕ್ಕೆ ಹಚ್ಚಿದ ಎಣ್ಣೆ ಮತ್ತು ಲೇಪನಗಳು ಬೇಗ ಕರಗಿ ನೀರಿಗೆ ಸೇರುತ್ತವೆ, ಮತ್ತು ಅವನ್ನೆಲ್ಲ ಎದುರಿಸಬೇಕಾದ ಕ್ಲೋರಿನ್ ಶಾಖಕ್ಕೂ, ನೀರನ್ನು ರಭಸದಿಂದ ಚಿಮ್ಮಿಸುವ ಜೆಟ್‌ಗಳ ಗಾಳಿಗೂ ಸಿಕ್ಕಿ ತಣ್ಣೀರಿನಲ್ಲಿರುವುದಕ್ಕಿಂತ ವೇಗವಾಗಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಸರಿಯಿದ್ದ ನೀರು ಸಂಜೆಯ ಹೊತ್ತಿಗೆ ಸರಿಯಿರಬೇಕೆಂದೇನೂ ಇಲ್ಲ. ಆದ್ದರಿಂದ ಪರೀಕ್ಷೆಯನ್ನು ವಾರದ ಕೆಲಸವೆಂದು ಎಣಿಸದೆ, ಪ್ರತಿ ಸಲ ಇಳಿಯುವ ಮೊದಲು ಮಾಡಬೇಕು.

ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಹಾಟ್ ಟಬ್‌ಗೆ ಹೇಳುವ ಅಳತೆಗಳನ್ನೇ ನಾನು ಪಾಲಿಸುತ್ತೇನೆ: ಮುಕ್ತ ಕ್ಲೋರಿನ್ (ಖರ್ಚಾಗದೆ ಕೆಲಸಕ್ಕೆ ಉಳಿದಿರುವುದು) ಕನಿಷ್ಠ 3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ, ಕ್ಲೋರಿನ್ ಬದಲು ಬ್ರೋಮಿನ್ ಬಳಸುವವರಿಗೆ 4ರಿಂದ 8 ಪಿಪಿಎಂ, ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದನ್ನು ತೋರಿಸುವ ಪಿಎಚ್ 7.0ರಿಂದ 7.8ರ ಒಳಗೆ. ಇವುಗಳಲ್ಲಿ ಕ್ಲೋರಿನ್ ಅಂಕಿಯನ್ನು ಎಲ್ಲರೂ ನೋಡುತ್ತಾರೆ, ಪಿಎಚ್ ಅನ್ನು ಕಡೆಗಣಿಸುತ್ತಾರೆ. ಆದರೆ ಕ್ಲೋರಿನ್ ಎಷ್ಟು ಕೆಲಸ ಮಾಡುತ್ತದೆಂಬುದನ್ನು ನಿರ್ಧರಿಸುವುದೇ ಪಿಎಚ್. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪಗಳಲ್ಲಿರುತ್ತದೆ. ಸೂಕ್ಷ್ಮಜೀವಿಗಳನ್ನು ಬೇಗ ಕೊಲ್ಲಬಲ್ಲದ್ದು ಹೈಪೊಕ್ಲೋರಸ್ ಆಮ್ಲದ ರೂಪ. ಪಿಎಚ್ 7.5ರಲ್ಲಿ ಸುಮಾರು ಅರ್ಧದಷ್ಟು ಕ್ಲೋರಿನ್ ಈ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಸುಮಾರು ಕಾಲು ಭಾಗವಷ್ಟೇ ಉಳಿಯುತ್ತದೆ. ನೀರಿನಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಯ ಮೇಲೆ ಅದೇ 3 ಪಿಪಿಎಂ ಕಾಣುತ್ತಿದ್ದರೂ ಅದರ ಬಲ ಅರ್ಧಕ್ಕೆ ಇಳಿದಿರುತ್ತದೆ.

ಹಾಟ್ ಟಬ್‌ನಲ್ಲಿ ಪಿಎಚ್ ಮೇಲಕ್ಕೇ ಹೋಗುವುದೇಕೆ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಕಾರಣ ಜೆಟ್‌ಗಳು. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಅದನ್ನು ತುಸು ಆಮ್ಲೀಯವಾಗಿ ಇರಿಸುತ್ತದೆ. ಗಾಳಿಗುಳ್ಳೆಗಳು ಏಳುತ್ತಿದ್ದಂತೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. ಕ್ಷಾರತೆ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ, ಹೆಚ್ಚಿದ್ದಷ್ಟೂ ಹೊರಹೋಗಲು ಕಾದಿರುವ ಅನಿಲವೂ ಹೆಚ್ಚು. ಆದುದರಿಂದ ಮೊದಲು ಒಟ್ಟು ಕ್ಷಾರತೆಯನ್ನು 80ರಿಂದ 120 ಪಿಪಿಎಂ ನಡುವೆ ತಂದು, ಅನಂತರವೇ ಪಿಎಚ್‌ಗೆ ಕೈ ಹಾಕಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರು ಆಮ್ಲ ಹಾಕುವುದು, ಪಿಎಚ್ ಮತ್ತೆ ಏರುವುದು, ಮತ್ತೆ ಹಾಕುವುದು ಎಂಬ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ. ನೀರಿನ ಗಡಸುತನವನ್ನೂ ತಿಂಗಳಿಗೊಮ್ಮೆ ನೋಡಬೇಕು. ಗಡಸುತನ ಮತ್ತು ಪಿಎಚ್ ಎರಡೂ ಹೆಚ್ಚಾದರೆ ಹೀಟರಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ಕ್ಲೋರಿನ್ ಯಾವುದು ಎಂಬುದೂ ಮುಖ್ಯ. ಬಹಳ ಮನೆಗಳಲ್ಲಿ ಬಳಸುವ ಡೈಕ್ಲೋರ್ ಪುಡಿಯಲ್ಲಿ ಸಯನ್ಯೂರಿಕ್ ಆಮ್ಲವೂ ಸೇರಿರುತ್ತದೆ. 10 ಪಿಪಿಎಂ ಕ್ಲೋರಿನ್ ಸೇರಿಸಿದಾಗ ಸುಮಾರು 9 ಪಿಪಿಎಂ ಆ ಆಮ್ಲವೂ ನೀರಿಗೆ ಬಂದು ಕೂರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಉಳಿಯುತ್ತದೆ. ವಾರಗಳು ಕಳೆದಂತೆ ಅದು ಕ್ಲೋರಿನ್‌ನ ಕೊಲ್ಲುವ ವೇಗವನ್ನು ತಗ್ಗಿಸುತ್ತದೆ, ಮತ್ತು ನೀರು ಬದಲಿಸದೆ ಅದನ್ನು ತೆಗೆಯುವ ಸುಲಭದ ದಾರಿಯಿಲ್ಲ. ಮೇಲೆ ಹೇಳಿದ ಕೇಂದ್ರವು ಹಾಟ್ ಟಬ್‌ಗೆ ಇಂಥ ಕ್ಲೋರಿನ್ ಬೇಡವೆಂದೇ ಹೇಳುತ್ತದೆ. ನಾನು ಸುಗಂಧವಿಲ್ಲದ ದ್ರವ ಸೋಡಿಯಂ ಹೈಪೊಕ್ಲೋರೈಟ್‌ಗೆ (ಬ್ಲೀಚ್) ಬದಲಾದೆ. ಅಳೆದು ಹಾಕುವ ಶ್ರಮ ಹೆಚ್ಚು, ಆದರೆ ಪಟ್ಟಿ ತೋರಿಸುವ ಅಂಕಿಗೆ ಅರ್ಥವಿದೆ. ಈಜುಕೊಳದ ಟ್ರೈಕ್ಲೋರ್ ಬಿಲ್ಲೆಗಳನ್ನಂತೂ ಟಬ್‌ಗೆ ಹಾಕಲೇಬಾರದು.

ರಾಸಾಯನಿಕಗಳನ್ನು ನಿಭಾಯಿಸುವಾಗ ನನ್ನ ಮನೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ಒಂದು ಸಲಕ್ಕೆ ಒಂದೇ ರಾಸಾಯನಿಕ, ಪ್ರತಿಯೊಂದಕ್ಕೂ ಬೇರೆ ಅಳತೆ ಚಮಚ, ಕೈಗವಸು ಮತ್ತು ಕನ್ನಡಕ. ರಾಸಾಯನಿಕವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ರಾಸಾಯನಿಕದ ಮೇಲೆ ಸುರಿಯಬಾರದು. ಕ್ಲೋರಿನ್ ಮತ್ತು ಆಮ್ಲ ನೇರವಾಗಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾಕಿದ ಮೇಲೆ ಪಂಪು ಓಡಿಸಿ, ಮುಚ್ಚಳವನ್ನು ಸುಮಾರು ಇಪ್ಪತ್ತು ನಿಮಿಷ ತೆರೆದಿಟ್ಟು ಅನಿಲಗಳು ಹೋಗಲು ಬಿಡಬೇಕು. ಟಬ್‌ನಿಂದ ಕ್ಲೋರಿನ್‌ನ ಘಾಟು ಬರುತ್ತಿದ್ದರೆ ಕ್ಲೋರಿನ್ ಹೆಚ್ಚಾಗಿದೆಯೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಆ ಘಾಟು ಬೆವರು ಮತ್ತು ಮೂತ್ರದ ಅಂಶಗಳೊಡನೆ ಕ್ಲೋರಿನ್ ಕೂಡಿದಾಗ ಹುಟ್ಟುವ ಕ್ಲೋರಮೀನ್‌ಗಳದು. ಹೊಸ ಕ್ಲೋರಿನ್ ಬೇಕಾಗಿದೆ ಎಂಬುದರ ಸೂಚನೆ. ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಿ ಬಂದರೆ ಈ ತೊಂದರೆಯ ದೊಡ್ಡ ಭಾಗ ಬಾಗಿಲಲ್ಲೇ ನಿಲ್ಲುತ್ತದೆ.

ನನ್ನ ಗುಳ್ಳೆಗಳಿಗಿಂತ ಗಂಭೀರವಾದ ವಿಷಯವೊಂದಿದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದ ನಂತರ ಗುರುತಿಸಲ್ಪಟ್ಟ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ತೀವ್ರ ಸ್ವರೂಪದ ನ್ಯುಮೋನಿಯಾ ತರುತ್ತದೆ. ಅದು ಚೆನ್ನಾಗಿ ಬೆಳೆಯುವ ಉಷ್ಣತೆಯೊಳಗೇ ಹಾಟ್ ಟಬ್‌ನ ಉಷ್ಣತೆಯೂ ಬರುತ್ತದೆ. ಅದು ಹರಡಲು ನೀರನ್ನು ಕುಡಿಯಬೇಕಾಗಿಲ್ಲ, ನೀರಿಗೆ ಇಳಿಯಬೇಕಾಗಿಯೂ ಇಲ್ಲ. ಜೆಟ್‌ಗಳು ಎಬ್ಬಿಸುವ ಸೂಕ್ಷ್ಮ ಹನಿಗಳನ್ನು ಉಸಿರಾಡಿದರೆ ಸಾಕು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನದಲ್ಲಿ ತೋರಿಕೆಗೆಂದು ಓಡಿಸುತ್ತಿದ್ದ ಟಬ್ಬಿನ ಪಕ್ಕದಲ್ಲಿ ಹಾದುಹೋದವರೇ ಕಾಯಿಲೆ ಬಿದ್ದರು, ಮತ್ತು ಆ ಸೋಂಕಿಗೆ 32 ಮಂದಿ ಬಲಿಯಾದರು. ಐವತ್ತು ದಾಟಿದವರು, ಧೂಮಪಾನಿಗಳು, ಶ್ವಾಸಕೋಶದ ಕಾಯಿಲೆಯಿರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಇದನ್ನು ಮರೆಯಬಾರದು. ಟಬ್ ಬಳಸಿದ ಎರಡು ವಾರಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಟಬ್ ಬಳಸಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಈ ಜೀವಿಗಳು ಅಡಗುವ ಜಾಗ ಕೊಳವೆಗಳ ಒಳಗೋಡೆ. ಅಲ್ಲಿ ಅವು ಲೋಳೆಯ ಪದರವೊಂದನ್ನು ಕಟ್ಟಿಕೊಂಡು ಅದರ ಮರೆಯಲ್ಲಿ ಬದುಕುತ್ತವೆ, ಮತ್ತು ನೀರಿನ ಕ್ಲೋರಿನ್ ಆ ಪದರದ ಆಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಗುಳ್ಳೆಗಳು ಮಾಯಿದ ಮೇಲೆ ನಾನು ಮೊದಲ ಬಾರಿಗೆ ಕೊಳವೆ ತೊಳೆಯುವ ದ್ರಾವಣ ಹಾಕಿ ಜೆಟ್‌ಗಳನ್ನು ಓಡಿಸಿದಾಗ, ಅಷ್ಟು ತಿಳಿಯಾಗಿದ್ದ ನೀರಿನ ಮೇಲೆ ಕಂದುಬಣ್ಣದ ನೊರೆಯೂ ಚಕ್ಕೆಗಳೂ ತೇಲಿಬಂದವು. ಅದನ್ನು ನೋಡಿದ ಮೇಲೆ ಈ ಕೆಲಸವನ್ನು ಒಮ್ಮೆಯೂ ಬಿಟ್ಟಿಲ್ಲ: ನೀರು ಬದಲಿಸುವ ಪ್ರತಿ ಸಲವೂ, ಹಳೆಯ ನೀರು ಇನ್ನೂ ಇರುವಾಗಲೇ ಕೊಳವೆಗಳನ್ನು ತೊಳೆಯುತ್ತೇನೆ. ಎಷ್ಟು ದಿನಕ್ಕೆ ನೀರು ಬದಲಿಸಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಟಬ್‌ನ ಲೀಟರುಗಳನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಮತ್ತೆ ಭಾಗಿಸಬೇಕು. 1,200 ಲೀಟರಿನ ಟಬ್ಬನ್ನು ದಿನವೂ ಇಬ್ಬರು ಬಳಸಿದರೆ ಸುಮಾರು 55 ದಿನ. ಬಳಕೆ ಎಷ್ಟೇ ಕಡಿಮೆಯಿದ್ದರೂ ನಾನು ಮೂರು ತಿಂಗಳು ದಾಟಿಸುವುದಿಲ್ಲ. ನೀರು ಖಾಲಿ ಮಾಡುವ ಮುನ್ನ ವಿದ್ಯುತ್ ಕಡಿತಗೊಳಿಸಬೇಕು, ಇಲ್ಲವಾದರೆ ನೀರಿಲ್ಲದ ಹೀಟರ್ ಸುಟ್ಟುಹೋಗುತ್ತದೆ. ಫಿಲ್ಟರನ್ನು ವಾರಕ್ಕೊಮ್ಮೆ ಮಡಿಕೆಗಳ ಸಂದಿನವರೆಗೂ ನೀರು ಹಾಯಿಸಿ ತೊಳೆಯುತ್ತೇನೆ, ತಿಂಗಳಿಗೊಮ್ಮೆ ಶುದ್ಧಿ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುತ್ತೇನೆ.

ನೀರು ಸರಿಯಿದ್ದರೂ ಶಾಖ ತನ್ನ ಪರಿಣಾಮ ಬೀರುತ್ತದೆ. 40 ಡಿಗ್ರಿ ಮೇಲಿನ ಮಿತಿ. ನಾವು 38 ದಾಟಿಸುವುದಿಲ್ಲ, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದೂ ಇಲ್ಲ. ಬಿಸಿಯಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ ತಟ್ಟನೆ ಎದ್ದವರಿಗೆ ತಲೆ ಸುತ್ತುತ್ತದೆ. ಮದ್ಯ ಸೇವಿಸಿದವರು ಅಲ್ಲಿಯೇ ನಿದ್ದೆಹೋಗಿ ಮುಳುಗುವ ಅಪಾಯವಿದೆ. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಇಳಿಯಬೇಕು. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಯ ಮೈ ಅತಿಯಾಗಿ ಕಾದರೆ ಮಗುವಿನ ನರಮಂಡಲದ ಬೆಳವಣಿಗೆಗೆ ಹಾನಿಯಾಗಬಹುದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬಾರದು.

ವಿದ್ಯುತ್ ಸೋರಿಕೆಯಾದೊಡನೆ ಕಡಿತಗೊಳಿಸುವ ಸ್ವಿಚ್ಚನ್ನು ಪರಿಣತ ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಚಾರ್ಜಿಗೆ ಹಾಕಿದ ಫೋನು ಟಬ್ಬಿನ ಅಂಚಿಗೆ ಬರಕೂಡದು.

ಪಂಪು ನೀರನ್ನು ಎಳೆದುಕೊಳ್ಳುವ ಬಾಯಿಗಳ ಬಗ್ಗೆ ಹೇಳದೆ ನನಗೆ ಸಮಾಧಾನವಿಲ್ಲ. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಹಾಟ್ ಟಬ್‌ನ ಅಂಥ ಬಾಯಿಯ ಸೆಳೆತಕ್ಕೆ ಸಿಕ್ಕಿ ನೀರಿನಡಿ ಪ್ರಾಣ ಬಿಟ್ಟಳು. ಅವಳ ಹೆಸರಿನಲ್ಲಿಯೇ 2007ರಲ್ಲಿ ಸುರಕ್ಷಿತ ಜಾಲರಿಗಳ ಬಗ್ಗೆ ಕಾನೂನು ಬಂತು. ಜಾಲರಿ ಸಡಿಲವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಹೊಸದನ್ನು ಹಾಕುವವರೆಗೆ ಟಬ್ ಬಂದ್. ಉದ್ದ ಕೂದಲನ್ನು ಮೇಲಕ್ಕೆ ಕಟ್ಟಿ ಇಳಿಯಬೇಕು, ತಲೆ ಮುಳುಗಿಸಬಾರದು, ಮತ್ತು ಪಂಪು ನಿಲ್ಲಿಸುವ ಸ್ವಿಚ್ ಎಲ್ಲಿದೆಯೆಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮಕ್ಕಳು ಮನೆಗೆ ಬರುವುದಿದ್ದರೆ ಅಂದು ಜಾಲರಿಗಳನ್ನು ಕೈಯಿಂದ ಅಲುಗಿಸಿ ನೋಡುತ್ತೇನೆ. ರಾತ್ರಿ ಎಲ್ಲರೂ ಎದ್ದ ಮೇಲೆ ಕ್ಲೋರಿನ್ ಹಾಕಿ, ಇಪ್ಪತ್ತು ನಿಮಿಷ ಪಕ್ಕದಲ್ಲಿಯೇ ಕಾದು, ಮುಚ್ಚಳವೆಳೆದು, ನಾಲ್ಕೂ ಕೊಂಡಿಗಳಿಗೆ ಬೀಗ ಬಿದ್ದಿದೆಯೇ ಎಂದು ಒಂದೊಂದನ್ನೂ ಜಗ್ಗಿ ನೋಡಿಯೇ ಒಳಗೆ ಹೋಗುತ್ತೇನೆ.