ಹಿತ್ತಲ ಮಾವಿನ ಮರ, ಬುಡದಲ್ಲಿ ಪುಡಿ

ಮೈಸೂರಲ್ಲಿ ಗಾರ್ಡನ್ ಕೆಲಸ ನಂದು. ಹಳೇ ಮನೆಗಳ ಹಿತ್ತಲಲ್ಲಿ ಬಾದಾಮಿ, ರಸಪುರಿ ಮಾವಿನ ಮರಗಳು ಇನ್ನೂ ಇದಾವೆ, ಆದ್ರೆ ನಮಗೆ ಫೋನ್ ಬರೋದು ಅರ್ಧ ಕೊಂಬೆ ಒಣಗಿದ ಮೇಲೇನೇ. ಒಂದು ಮನೆ ಅಮ್ಮ "ಗೆದ್ದಲು ಹಿಡಿದಿದೆ ಕಣಪ್ಪ, ಕಡಿದು ಹಾಕ್ಬಿಡು" ಅಂದ್ರು. ಕಾಂಡದ ಮೇಲೆ ಗೆದ್ದಲು ಮಣ್ಣು ಇತ್ತು ನಿಜ, ಆದ್ರೆ ಗೆದ್ದಲು ಹೆಚ್ಚಾಗಿ ಸತ್ತ ತೊಗಟೆಗೇ ಬರೋದು, ಅದಕ್ಕಿಂತ ಮುಂಚೆ ಯಾರು ಬಂದಿದ್ರು ಅಂತ ನೋಡ್ಬೇಕು. ಮಣ್ಣು ಕೆರೆದ್ರೆ ತೂತುಗಳು, ಬುಡದಲ್ಲಿ ಗರಗಸ ಹಾಕಿದಂಗೆ ಮರದ ಪುಡಿ. ಇದು ಕಾಂಡ ಕೊರಕ, ಮರದೊಳಗೆ ಕೊರೆದು ತಿನ್ನೋ ದುಂಬಿ ಮರಿಹುಳ. (ತೊಗಟೆ ಮೇಲೆ ಬಲೆ, ಹಿಕ್ಕೆ ಎಲ್ಲಾ ಅಂಟ್ಕೊಂಡು ಪಟ್ಟಿ ಥರ ಹರಿದಿದ್ರೆ ಅದು ಬೇರೆ, ತೊಗಟೆ ತಿನ್ನೋ ಹುಳ.)

ಇರೋ ತೂತಿಗೆಲ್ಲಾ ಔಷಧಿ ಸುರಿಯೋದು ದುಡ್ಡು ದಂಡ, ಹಳೇ ತೂತಲ್ಲಿ ಹುಳ ದುಂಬಿಯಾಗಿ ಯಾವಾಗ್ಲೋ ಹಾರಿಹೋಗಿರತ್ತೆ. ನಾನು ಕಾಂಡ, ಬುಡ ಎಲ್ಲಾ ಗುಡಿಸಿ ಒರೆಸಿ ವಾಪಸ್ ಬಂದ್ಬಿಡ್ತೀನಿ. "ಗುಡಿಸೋಕಾ ಬಂದಿದ್ದು?" ಅಂದ್ರು ಅಮ್ಮ. ಮಾರನೇ ದಿನ ಯಾವ ತೂತಿನ ಕೆಳಗೆ ಹೊಸ ಪುಡಿ ಬಿದ್ದಿರತ್ತೋ ಹುಳ ಇರೋದು ಅಲ್ಲೇ. ಸೈಕಲ್ ಕಡ್ಡಿ ತುದಿ ಬಗ್ಗಿಸಿ ಒಳಗೆ ಬಿಟ್ಟು ಎಳೆದ್ರೆ ಬೆರಳುದ್ದದ ಬಿಳಿ ಹುಳ ಬರತ್ತೆ, ಇಲ್ಲಾಂದ್ರೆ ಅಲ್ಲೇ ಚುಚ್ಚಿ ಸಾಯಿಸಿ, ಪೆಟ್ರೋಲ್ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತೋದು. ಮೊದ್ಲು ಡೈಕ್ಲೋರ್ವಾಸ್ ಅನ್ನೋ ಕೀಟನಾಶಕ ಹಾಕ್ತಿದ್ರು, ಅದು 2020 ಡಿಸೆಂಬರ್ 31ರಿಂದ ಬ್ಯಾನ್, ಹಳೇ ಬಾಟ್ಲಿ ಇದ್ರೂ ಮುಟ್ಬೇಡಿ.

ಆಮೇಲೆ ಚಾಕೂಲಿ ತೊಗಟೆ ಸ್ವಲ್ಪ ಸ್ವಲ್ಪ ಕೆರೆದು ನೋಡ್ತೀನಿ, ಜೀವ ಇರೋ ಕಡೆ ಒಳಗೆ ಹಸಿಯಾಗಿರತ್ತೆ, ಸತ್ತಿದ್ದು ಕಂದು ಬಣ್ಣಕ್ಕೆ ತಿರುಗಿ ಒಣಗಿರತ್ತೆ. ಸುತ್ತಲೂ ಸತ್ತಿದ್ರೆ ಏನ್ಮಾಡಿದ್ರೂ ಅಷ್ಟೇ. ಈ ಮರದಲ್ಲಿ ಒಂದೇ ಮಗ್ಗುಲು ಹೋಗಿತ್ತು, ಸುತ್ತಿಗೇಲಿ ತಟ್ಟಿದ್ರೂ ಡೊಳ್ಳು ಸೌಂಡ್ ಬರ್ಲಿಲ್ಲ, ಅಂದ್ರೆ ಒಳಗೆ ಟೊಳ್ಳಾಗಿಲ್ಲ, ಹಂಗಾಗಿ ಕಡಿಯಲ್ಲ ಅಂದೆ. ಸತ್ತ ತೊಗಟೆ ತೆಗೆದು, ಗಾಯಕ್ಕೆ ಶಿಲೀಂಧ್ರ ತಗುಲದಂಗೆ ಬೋರ್ಡೋ ಪೇಸ್ಟ್ ಬಳಿದೆ, ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರ್, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ ಆಮೇಲೆ ಸೇರಿಸ್ಬೇಕು. ಆ ಪೇಸ್ಟ್‌ಗೆ ಕಬ್ಬಿಣದ ಚಾಕು ಅದ್ದಿದಾಗ ಕೆಂಪಗಾದ್ರೆ ಸುಣ್ಣ ಸಾಲ್ದು ಅಂತ.

ಅಮ್ಮಂಗೆ ಆ ಗಾಯಕ್ಕೆ ಸಿಮೆಂಟ್ ಮೆತ್ತಿಸೋ ಆಸೆ. ಬೇಡ ಅಂದೆ, ಮರ ಗಾಳಿಗೆ ಅಲ್ಲಾಡತ್ತೆ, ಸಿಮೆಂಟ್ ಅಲ್ಲಾಡಲ್ಲ, ಸಂದೀಲಿ ನೀರು ನಿಂತು ಒಳಗೇ ಕೊಳೆಯತ್ತೆ. ಅದ್ರ ಬದ್ಲು ವಾರಕ್ಕೊಂದ್ಸಲ ಬುಡ ಗುಡಿಸಿ, ಹೊಸ ಪುಡಿ ಕಂಡ್ರೆ ಫೋನ್ ಮಾಡಿ ಅಂತ ಹೇಳಿ ಬಂದೆ.