ಗಂಗೆಯ ನಾಲಿಗೆಯ ಕೆಳಗಿನ ಕಲ್ಲು

ಒಂಬತ್ತನೇ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಯಾವ ಪದ್ಯಗಳಿದ್ದವು ಎಂದು ಇಂದು ಕೇಳಿದರೆ ನಮ್ಮ ತಂಡದ ಯಾರೊಬ್ಬರೂ ಹೇಳಲಾರರು. ಆದರೆ ಕಳೆದ ಮಾಘದಲ್ಲಿ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದು ನಾವು ಹಲವರು ಅವರ ಮನೆಯಂಗಳದಲ್ಲಿ ಸೇರಿದಾಗ ಆಡಿದ್ದೆಲ್ಲ ಒಬ್ಬ ಹುಡುಗಿಯ ಮಾತು. ಆಕೆಯ ಹೆಸರು ಗಂಗೆ. ಆಕೆ ಈ ಭೂಮಿಯ ಮೇಲೆ ಎಂದೂ ಇರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಆಕೆಯನ್ನು ಹುಟ್ಟಿಸಿದವರು ನಾವೇ.

ನಮ್ಮ ಶಾಲೆ ಇದ್ದದ್ದು ಚಿತ್ರದುರ್ಗದಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ, ನಾವು ಶಾಲೆ ಬಿಟ್ಟ ಮೇಲೆ. ಮೇಷ್ಟ್ರು ಚಳ್ಳಕೆರೆ ಕಡೆಯವರು. ಅಂಗಿಯ ಎರಡೂ ಜೇಬುಗಳಲ್ಲಿ ಹುರಿದ ಶೇಂಗಾ ಇಟ್ಟುಕೊಂಡೇ ತರಗತಿಗೆ ಬರುತ್ತಿದ್ದರು. ಸರಿಯಾದ ಉತ್ತರ ಹೇಳಿದವರಿಗೆ ಅದು ಸಿಗುತ್ತಿರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದವರ ಡೆಸ್ಕಿನ ಮೇಲೆ ಮಾತ್ರ ಒಂದು ಹಿಡಿ ಬೀಳುತ್ತಿತ್ತು. ಒಂದು ಮಧ್ಯಾಹ್ನ ಮಾತು ದುರ್ಗದ ಕೊನೆಯ ದಿನಗಳ ಕಡೆಗೆ ಹೊರಳಿತು. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಹೇಳಿ ಮುಗಿಸಿದರು. ಕೊನೆಯ ಬೆಂಚಿನಲ್ಲಿ ಸದಾ ಮೌನವಾಗಿರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಾಯಕರನ್ನು ಬಿಡಿಸಿಕೊಂಡು ಬರಲು ನಮ್ಮೂರಿನಿಂದ ಯಾರೂ ಹೋಗಲಿಲ್ಲವೇ?"

ಮೇಷ್ಟ್ರು ಎರಡೂ ಜೇಬುಗಳನ್ನು ಅವಳ ಡೆಸ್ಕಿನ ಮೇಲೆ ಸುರಿದರು. "ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮಾ. ಹೋಗಬೇಕಿತ್ತು ಎಂದು ನಿಮಗೆ ಅನ್ನಿಸಿದರೆ ನೀವೇ ಯಾರನ್ನಾದರೂ ಕಳುಹಿಸಿ."

ಹಾಗೆ ನಾವು ಕಳುಹಿಸಿದವಳು ಗಂಗೆ. ಹದಿನಾಲ್ಕು ವರ್ಷ, ಕೋಟೆಯೊಳಗೆ ನೀರು ಹೊರುವವರ ಮನೆಯ ಮಗಳು. ವಾರಕ್ಕೊಬ್ಬರಂತೆ ಒಂದೊಂದು ಅಧ್ಯಾಯ ಬರೆಯುವುದು, ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಅದನ್ನು ಎಲ್ಲರೆದುರು ಓದುವುದು ಎಂದು ಗೊತ್ತಾಯಿತು. ಹೊಂಡದ ತಳದಲ್ಲಿ ಗಂಗೆಗೆ ಒಂದು ಕಪ್ಪು ಹರಳುಕಲ್ಲು ಸಿಗುತ್ತದೆ. ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡರೆ ನೋಡುವವರಿಗೆ ಆಕೆ ಅವರು ಯಾರನ್ನು ನಿರೀಕ್ಷಿಸುತ್ತಿದ್ದಾರೋ ಅವರಂತೆಯೇ ಕಾಣುತ್ತಾಳೆ: ಕಾವಲುಗಾರನಿಗೆ ಅವನ ದಳವಾಯಿ, ಮುದುಕಿಗೆ ಅವಳ ಮೊಮ್ಮಗಳು. ಕಲ್ಲು ಬಾಯಲ್ಲಿರುವಷ್ಟು ಹೊತ್ತು ಮಾತನಾಡುವಂತಿಲ್ಲ. ಈ ಕಲ್ಪನೆ ತರಗತಿಯದು. ಆದರೆ ಪ್ರತಿ ಸಂಜೆ ಕಲ್ಲನ್ನು ಹೊರತೆಗೆದಾಗ ಗಂಗೆ ತನ್ನದೇ ಒಂದು ನೆನಪನ್ನು ಕಳೆದುಕೊಂಡಿರುತ್ತಾಳೆ ಎಂಬ ನಿಯಮ ಸೇರಿಸಿದವನು ನಾನು. ಅದನ್ನು ಓದಿದ ಶನಿವಾರ ಮೇಷ್ಟ್ರು ಏನೂ ಹೇಳದೆ ನನ್ನ ಡೆಸ್ಕಿನ ಬಳಿ ಬಂದು ಒಂದು ಹಿಡಿ ಶೇಂಗಾ ಇಟ್ಟು ಹೋದರು. ಆಮೇಲೆ ನನಗೆ ಬಂದ ಯಾವ ಬಹುಮಾನವನ್ನೂ ನಾನು ಅದರ ಪಕ್ಕದಲ್ಲಿ ಇಡುವುದಿಲ್ಲ.

ಮಾಯದ ಕಲ್ಲಿದೆ ಎಂದು ನಾವು ಮನಬಂದಂತೆ ಬರೆಯಲು ಅವರು ಬಿಡಲಿಲ್ಲ. ವೇಷ ಮರೆಸಿ ಶತ್ರುವಿನ ಊರು ಹೊಕ್ಕವರ ಕಥೆಗಳನ್ನೆಲ್ಲ ಹೇಳಿದರು. ಉಜ್ಜಯಿನಿಯ ಸೆರೆಯಲ್ಲಿದ್ದ ಉದಯನನನ್ನು ಬಿಡಿಸಲು ಮಂತ್ರಿ ಯೌಗಂಧರಾಯಣ ಹುಚ್ಚನಾಗಿ ಬೀದಿ ಅಲೆದದ್ದನ್ನು ಹೇಳುವಾಗ ಅವರ ಕಣ್ಣುಗಳೇ ಬೇರೆಯಾಗುತ್ತಿದ್ದವು. ವಿರಾಟನ ಅಡುಗೆಮನೆಯ ವಲಲನನ್ನು ಮಾತ್ರ ಮತ್ತೆ ಮತ್ತೆ ತರುತ್ತಿದ್ದರು. "ತುಂಬಿದ ಸಭೆಯಲ್ಲಿ ಹೆಂಡತಿಗೆ ಅವಮಾನವಾಗುತ್ತಿದೆ. ಭೀಮ ಕಣ್ಣಾರೆ ಕಾಣುತ್ತಿದ್ದಾನೆ. ಆದರೂ ಆ ಗಳಿಗೆಯಲ್ಲಿ ಅವನು ಬಾಣಸಿಗನಾಗಿಯೇ ಉಳಿಯಬೇಕು. ನಿಮ್ಮ ಗಂಗೆಗೆ ಅಂಥ ಒಂದು ಗಳಿಗೆ ಎಲ್ಲಿ ಬಂದಿದೆ, ತೋರಿಸಿ" ಎನ್ನುತ್ತಿದ್ದರು. ನಾವು ಹುಡುಕಿದೆವು, ಬಂದಿರಲಿಲ್ಲ. ಆ ಅಧ್ಯಾಯ ಮತ್ತೆ ಬರೆಯಬೇಕಾಯಿತು.

ಗಂಗೆ ಕೋಟೆಯಿಂದ ಹೊರಬೀಳುವ ಭಾಗವನ್ನು ಕುಳಿತಲ್ಲೇ ಬರೆದಾಗ ಒಂದು ಭಾನುವಾರ ಎಲ್ಲರನ್ನೂ ಬೆಟ್ಟ ಹತ್ತಿಸಿದರು. ಬಾಗಿಲುಗಳ ನಡುವಿನ ದಾರಿ ಏಕೆ ಅಷ್ಟು ತಿರುಗಿ ತಿರುಗಿ ಸಾಗುತ್ತದೆ ಎಂದು ನಮ್ಮಿಂದಲೇ ಹೇಳಿಸಿದರು. ಓಡಿ ಬರುವ ಆನೆಗೂ ಸೈನ್ಯಕ್ಕೂ ಅಲ್ಲಿ ವೇಗ ಸಿಗುವುದಿಲ್ಲ. ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರನ್ನಾಗಿ ನುಸುಳಲು ಹೇಳಿ, ಹೊರಬಂದವರ ತಲೆ ಮೊದಲು ಕಾಣುತ್ತದೋ ಕೈ ಮೊದಲು ಕಾಣುತ್ತದೋ ನೋಡಿ ಬರೆದುಕೊಳ್ಳಿ ಎಂದರು. ಅಕ್ಕ-ತಂಗಿಯರ ಹೊಂಡದ ದಂಡೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ ಪ್ರಶ್ನೆಯೇ ಗಂಗೆಯನ್ನು ಕಾಪಾಡಿತು: "ಮಳೆ ಜೋರಾಗಿ ಈ ಹೊಂಡ ತುಂಬಿದರೆ ಮುಂದಿನ ನೀರು ಎಲ್ಲಿಗೆ ಹೋಗುತ್ತದೆ?" ಮೇಲಿನ ಗೋಪಾಲಸ್ವಾಮಿ ಹೊಂಡದಿಂದ ಇಲ್ಲಿಗೆ, ಇಲ್ಲಿಂದ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಹುಟ್ಟಿದಾಗಿನಿಂದ ಆ ಹೊಂಡಗಳನ್ನು ನೋಡುತ್ತಿದ್ದ ನಮಗೆ ಅವು ಒಂದೇ ಸರಪಳಿ ಎಂದು ತಿಳಿದದ್ದು ಅಂದು. ಬಂಡೆಯ ಮೇಲೆ ಬಿದ್ದ ಹನಿಯನ್ನೂ ಬಿಡದೆ ಹಿಡಿದಿಟ್ಟುಕೊಂಡು ಬದುಕಿದ ಊರು ನಮ್ಮದು. ಗಂಗೆ ಮಳೆಯ ರಾತ್ರಿಯಲ್ಲಿ ನೀರಿಳಿಯುವ ದಾರಿ ಹಿಡಿದೇ ಕೆಳಗಿಳಿದಳು. ಶ್ರೀರಂಗಪಟ್ಟಣದಲ್ಲೂ ಕೊಡ ಹೊತ್ತೇ ಒಳಹೊಕ್ಕಳು, ನೀರು ತರುವವಳನ್ನು ಯಾವ ಬಾಗಿಲಿನಲ್ಲೂ ಯಾರೂ ಬಹಳ ಹೊತ್ತು ತಡೆಯುವುದಿಲ್ಲವಾದ್ದರಿಂದ.

ಇನ್ನು ಗಣಿತದ ಮೇಷ್ಟ್ರು. ಅವರೆಂದರೆ ಇಡೀ ಶಾಲೆಗೆ ಭಯ. ರೇಖಾಗಣಿತದ ಪಾಠದ ನಡುವೆ ನಾವು ಡೆಸ್ಕಿನ ಕೆಳಗೆ ಏಳನೇ ಅಧ್ಯಾಯವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ ನೋಟ್‌ಬುಕ್ ಅವರಿಗೆ ಸಿಕ್ಕಿಬಿಟ್ಟಿತು. ಸ್ಟಾಫ್ ರೂಮಿನ ಅವರ ಮೇಜಿನ ಮೇಲೆ, ಹಾಜರಿ ಪುಸ್ತಕಗಳ ಅಡಿಯಲ್ಲಿ, ಅದು ವಾರಗಟ್ಟಲೆ ಬಿದ್ದಿತ್ತು. ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಗೂಢಚಾರರ ಕಥೆ ಬರೆಯುವವರು ನಾವು, ಗಂಗೆಯನ್ನು ಸೆರೆಯಿಂದ ಬಿಡಿಸಲಾರೆವೇ ಎಂದು ನಾನೇ ಒಂದು ಯೋಜನೆ ಹಾಕಿದೆ.

ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆ ಹತ್ತಿರ ಬಂದಿತ್ತು. ಗೆಳೆಯನೊಬ್ಬನ ಚಿಕ್ಕಪ್ಪ ಬಯಲಾಟದವರು. ಅವರಿಂದ ಕಪ್ಪು ಕಂಬಳಿ, ಕರಡಿ ಕೂದಲಿನ ಟೋಪಿ, ಡಮರುಗ ಎಲ್ಲ ತಂದು ಅವನನ್ನು ಗೊರವಯ್ಯನನ್ನಾಗಿ ಮಾಡಿದೆವು. ನಾನು ಜೋಳಿಗೆ ಹೊತ್ತ ಶಿಷ್ಯ. ಶೇಂಗಾದ ಪ್ರಶ್ನೆಯ ಅದೇ ಹುಡುಗಿ ಒನಕೆ ಹಿಡಿದ ಓಬವ್ವನಾಗಿ ಸ್ಟಾಫ್ ರೂಮಿನ ಬಾಗಿಲು ಕಾದಳು. "ಏಳು ಕೋಟಿ ಏಳು ಕೋಟಿಗೋ" ಎಂದು ಕೂಗುತ್ತ ಗೊರವಯ್ಯ ಒಳಹೊಕ್ಕು, ಶಿಕ್ಷಕರ ಹಣೆಗೆಲ್ಲ ಭಂಡಾರ ಹಚ್ಚಿ, ಡಮರುಗ ಬಾರಿಸುತ್ತ ಗಿರಗಿರನೆ ಸುತ್ತತೊಡಗಿದ. ಎಲ್ಲರೂ ನಕ್ಕು ಚಿಲ್ಲರೆ ಹಾಕುತ್ತಿದ್ದರು. ಅಷ್ಟರಲ್ಲಿ ಹಾಜರಿ ಪುಸ್ತಕಗಳ ಅಡಿಯಿಂದ ಗಂಗೆ ನನ್ನ ಜೋಳಿಗೆಗೆ ಜಾರಿದಳು. ಅಂದು ನನ್ನ ಕೈ ಒಂದಿಷ್ಟೂ ನಡುಗಲಿಲ್ಲ ಎಂಬುದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ. ಬಹುಮಾನ ನಮಗೆ ಬರಲಿಲ್ಲ, ಕಿತ್ತೂರು ಚೆನ್ನಮ್ಮನ ವೇಷಕ್ಕೆ ಹೋಯಿತು.

ಮರುದಿನ ಕನ್ನಡ ಮೇಷ್ಟ್ರು ಕರಿಹಲಗೆಯ ಮೇಲೆ ದಿನಾಂಕವನ್ನೂ ಬರೆಯದೆ ನಮ್ಮ ಕಡೆ ತಿರುಗಿದರು. "ನಿನ್ನೆಯ ಗೊರವಯ್ಯನ ಕಾಲಿನಲ್ಲಿ ಬಿಳಿ ಕ್ಯಾನ್ವಾಸ್ ಶೂ ಇತ್ತಲ್ಲಯ್ಯಾ. ಕಂಬಳಿ ನೋಡುವವನು ಕಂಬಳಿ ನೋಡುತ್ತಾನೆ, ಕಾವಲುಗಾರ ಕಾಲು ನೋಡುತ್ತಾನೆ. ಗಂಗೆಯ ಪಾದ ಹೇಗಿದೆ ಎಂದು ಎಲ್ಲಿಯೂ ಬರೆದಿಲ್ಲ ನೀವು." ಅಷ್ಟೇ. ಬೈಗುಳವಿಲ್ಲ, ವಿಚಾರಣೆಯಿಲ್ಲ. ಇಡೀ ತರಗತಿ ಗೊರವಯ್ಯನ ಕಾಲನ್ನೇ ನೋಡುತ್ತಿತ್ತು.

ನೋಟ್‌ಬುಕ್ ತೆರೆದಾಗ ನಮಗೆ ಇನ್ನೊಂದು ಕಾದಿತ್ತು. ಪುಟಪುಟದ ಅಂಚಿನಲ್ಲೂ ಕೆಂಪು ಶಾಯಿ. ಗಣಿತದ ಮೇಷ್ಟ್ರು ಏಳೂ ಅಧ್ಯಾಯಗಳನ್ನು ಓದಿದ್ದರು! ಗಂಗೆ ಎರಡು ದಿನಗಳಲ್ಲಿ ಶ್ರೀರಂಗಪಟ್ಟಣ ತಲುಪಿದಳು ಎಂದು ಬರೆದ ಸಾಲಿಗೆ ಅಡಿಗೆರೆ ಎಳೆದು, ಹೊಳಲ್ಕೆರೆ, ಹೊಸದುರ್ಗ, ಅರಸೀಕೆರೆ, ಚನ್ನರಾಯಪಟ್ಟಣ, ಮೇಲುಕೋಟೆ ಎಂದು ದಾರಿ ಗುರುತಿಸಿ, ದಿನಕ್ಕೆ ಐದು ಹರದಾರಿ ನಡೆದರೂ ಹತ್ತು ದಿನಕ್ಕೆ ಕಡಿಮೆಯಿಲ್ಲ ಎಂದು ಲೆಕ್ಕ ಹಾಕಿದ್ದರು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಒಂಟಿ ಹುಡುಗಿಯನ್ನು ದಾರಿಯಲ್ಲಿ ಎಲ್ಲರೂ ಪ್ರಶ್ನಿಸುತ್ತಾರೆ, ಮೇಲುಕೋಟೆಯ ವೈರಮುಡಿಗೆ ಹೊರಟ ಯಾತ್ರಿಕರ ಜೊತೆ ಸೇರಿಸಿ ಎಂಬ ಸಲಹೆ. ಇಂಥ ಉಪಾಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಆಮೇಲೂ ಅವರು ತರಗತಿಯಲ್ಲಿ ಮೊದಲಿನಷ್ಟೇ ಬಿಗಿಯಾಗಿದ್ದರು. ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾವು ಮಾತ್ರ ಯಾತ್ರಿಕರನ್ನು ಸೇರಿಸಿದೆವು.

ಕಥೆ ಗಂಭೀರವಾದದ್ದು ಆ ನಂತರವೇ. ಮೇಷ್ಟ್ರು ಜಿಲ್ಲಾ ಗ್ರಂಥಾಲಯದಿಂದ ಹಳೆಯ ಗೆಜೆಟಿಯರ್ ತಂದು ನಾಲ್ಕು ಸಾಲು ಓದಿ ಅರ್ಥ ಹೇಳಿದರು. ಕೋಟೆ ಬಿದ್ದ ಮೇಲೆ ನಾಯಕನ ಜೊತೆಗೆ ಇಲ್ಲಿನ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತು. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಕವಾಯತು ಕಲಿಸಿ, ಚೇಲಾ ಎಂಬ ಪಡೆಗಳನ್ನು ಕಟ್ಟಲಾಯಿತು. ನಮ್ಮದೇ ವಯಸ್ಸಿನವರು. ಅಲ್ಲಿಯವರೆಗೆ ರಾಜನನ್ನು ಬಿಡಿಸುವ ಉತ್ಸಾಹದಲ್ಲಿದ್ದ ತರಗತಿ ಅಂದು ತಣ್ಣಗಾಯಿತು. ಗಂಗೆಗೆ ಬರಮ ಎಂಬ ತಮ್ಮ ಹುಟ್ಟಿಕೊಂಡದ್ದು ಆಗಲೇ. ಆಕೆ ನಾಯಕನನ್ನು ಹುಡುಕುತ್ತ ಸೆರೆಮನೆಯ ಬಾಗಿಲಿಗೆ ಬರುತ್ತಾಳೆ. ಅಲ್ಲಿ ಕಾವಲು ನಿಂತವನು ಅವನೇ. ಹೊಸ ಬಟ್ಟೆ, ಹೊಸ ಹೆಸರು. ಅವನು ಅಕ್ಕನನ್ನು ನಿರೀಕ್ಷಿಸುತ್ತಲೇ ಇಲ್ಲವಾದ್ದರಿಂದ ಕಲ್ಲು ಆಕೆಯನ್ನು ಅವನಿಗೆ ಅಕ್ಕನಾಗಿ ತೋರಿಸುವುದಿಲ್ಲ. ಕಲ್ಲನ್ನು ಉಗುಳಿ ಅವನ ಹೆಸರು ಹಿಡಿದು ಕರೆಯಬೇಕು. ಆದರೆ ಹಿಂದಿನ ಸಂಜೆ ಆಕೆ ಕಳೆದುಕೊಂಡ ನೆನಪು ಆ ಹೆಸರೇ.

ಇಲ್ಲಿ ತರಗತಿ ಎರಡಾಯಿತು. ಗಂಗೆ ಬರಿಯ ಕಣ್ಣಿನಿಂದ ಅಳುತ್ತ ನಿಂತಾಗ ತಮ್ಮನೇ "ಅಕ್ಕಾ" ಎನ್ನಬೇಕು ಎಂದು ಕೆಲವರು. ಅವನು ಬರಲು ಒಪ್ಪುವುದಿಲ್ಲ, ಗಂಗೆ ನೀರು ಹೊರುವವಳಾಗಿ ಅಲ್ಲೇ ಉಳಿಯುತ್ತಾಳೆ ಎಂದು ನಾನು ಮತ್ತು ಉಳಿದವರು. ಕೂಗಾಟ ಪಕ್ಕದ ತರಗತಿಗೂ ಕೇಳಿಸಿತು. ಮೇಷ್ಟ್ರು ತೀರ್ಪು ಕೊಡಲಿಲ್ಲ, ಎರಡನ್ನೂ ಬರೆಯಿಸಿದರು.

ನನ್ನ ಮಗಳು ಈಗ ದಾವಣಗೆರೆಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ. ಕಳೆದ ವರ್ಷ ಅವರನ್ನೂ ದುರ್ಗದ ಕೋಟೆಗೆ ಕರೆತಂದಿದ್ದರು. ಬಸ್ಸಿನಿಂದ ಇಳಿದು, ಕಿಂಡಿಯ ಮುಂದೆ ಗುಂಪು ಫೋಟೊ ತೆಗೆಸಿಕೊಂಡು, ಸುತ್ತುಗಳ ಸಂಖ್ಯೆ ಎಷ್ಟು ಎಂಬ ಖಾಲಿ ಜಾಗ ತುಂಬಿ ಊಟದ ಹೊತ್ತಿಗೆ ಹೊರಟರು. ಕಥೆ ಬರೆಯುವ ಪ್ರಶ್ನೆಗೆ ಸುಳಿವಿನ ಅಂಶಗಳನ್ನೂ ಕೊಟ್ಟಿರುತ್ತಾರೆ, ಅವುಗಳ ಆಚೆ ಹೋದ ಮಗುವಿಗೆ ಅಂಕ ಕಡಿಮೆ. ಇಂದಿನ ಶಿಕ್ಷಕರಿಗೆ ಮನಸ್ಸಿಲ್ಲವೆಂದು ನಾನು ಹೇಳಲಾರೆ. ಒಂದು ಶನಿವಾರದ ಪೀರಿಯಡ್ಡನ್ನೂ ಅವರ ಕೈಗೆ ಬಿಟ್ಟುಕೊಡದ ವೇಳಾಪಟ್ಟಿಯ ಮೇಲೆ ನನಗೆ ಸಿಟ್ಟು. ಹದಿಹರೆಯದವರಿಗಾಗಿ ನಾನು ಬರೆದ ಕಾದಂಬರಿಗಳನ್ನು ಓದಿದ ಮಕ್ಕಳು ವೇಷ ಮರೆಸುವ ಪ್ರಸಂಗಗಳು ನಿಜವೆನಿಸುತ್ತವೆ ಎಂದು ಪತ್ರ ಬರೆಯುತ್ತಾರೆ. ಅವುಗಳಲ್ಲಿ ಪ್ರತಿಯೊಬ್ಬ ಗೂಢಚಾರನ ಪಾದದ ವಿವರವಿದೆ.

ಗಂಗೆಯ ನೋಟ್‌ಬುಕ್ಕನ್ನು ಇಷ್ಟು ವರ್ಷ ಜೋಪಾನ ಮಾಡಿದವಳು ಅಂದು ಓಬವ್ವನಾಗಿದ್ದವಳೇ. ಈಗ ಆಕೆ ಹಿರಿಯೂರಿನಲ್ಲಿ ಶಿಕ್ಷಕಿ. ನಾವಿಬ್ಬರೂ ಸೇರಿ ಅದನ್ನು ಟೈಪ್ ಮಾಡಿಸಿ, ಕೆಂಪು ಶಾಯಿಯ ಟಿಪ್ಪಣಿಗಳ ಸಮೇತ ಮುದ್ರಿಸಿ ಶಾಲೆಯ ಗ್ರಂಥಾಲಯಕ್ಕೆ ಕೊಡಲಿದ್ದೇವೆ. ಎರಡೂ ಮುಕ್ತಾಯಗಳು ಇರುತ್ತವೆ. ಹನ್ನೊಂದನೇ ಅಧ್ಯಾಯದ ಹಾಳೆಗಳು ಮಾತ್ರ ಕಿತ್ತುಹೋಗಿವೆ. ಮೇಲುಕೋಟೆಯ ಜಾತ್ರೆಯಲ್ಲಿ ಗಂಗೆಯನ್ನು ಕರಡಿಯಾಡಿಸುವವನು ಗುರುತಿಸುವ ಭಾಗ ಅದು. ಬರೆದವನು ಮೂರನೇ ಬೆಂಚಿನ ಬಲತುದಿಯವನು. ಈ ಸಂಚಿಕೆ ಅವನ ಕೈ ಸೇರಿದರೆ, ನೆನಪಿದ್ದಷ್ಟನ್ನು ಬರೆದು ಶಾಲೆಯ ಕಚೇರಿಗೆ ತಲುಪಿಸಲಿ. ನೆನಪಿಲ್ಲದಿದ್ದರೆ ಹೊಸದಾಗಿ ಬರೆದರೂ ಆದೀತು.